ಪಿಲಾಟಿಸ್ ಕಲಿಸುವವರಿಗೆ: ಮೊದಲು ನೋಡಿ, ಆಮೇಲೆ ಹೇಳಿ

ಕಲಿಸಲು ಶುರು ಮಾಡಿದ ಮೊದಲ ವಾರವೇ ನನ್ನ ಕ್ಲಾಸಿಗೆ ಬಂದ ಒಬ್ಬ ಹಿರಿಯರ ಕುತ್ತಿಗೆ ಹಿಡಿಯಿತು. ರಿಟೈರ್ ಆದವರು, ದಿನಾ ಬೆಳಿಗ್ಗೆ ನಾಲ್ಕು ಕಿಲೋಮೀಟರ್ ನಡೆಯುವವರು. ಎಲ್ಲರ ಜೊತೆ ಅವರಿಗೂ ‘ಹಂಡ್ರೆಡ್’ ಮಾಡಿಸಿದ್ದೆ. ಅಂಗಾತ ಮಲಗಿ, ತಲೆ ಎತ್ತಿ, ಕಾಲು ಎತ್ತಿ, ನೂರು ಎಣಿಸುವವರೆಗೆ ಕೈ ಆಡಿಸುವ ವ್ಯಾಯಾಮ ಅದು. ಅವರ ಗಲ್ಲ ಮೇಲಕ್ಕೆ ಹೋಗಿತ್ತು. ಕುತ್ತಿಗೆಯ ನರ ಉಬ್ಬಿತ್ತು. ಉಸಿರು ನಿಂತಿತ್ತು. ಇದೆಲ್ಲ ನನ್ನ ಕಣ್ಣಿಗೆ ಬಿದ್ದಿತ್ತು, ಆದರೆ ನಾನು ನೋಡಿರಲಿಲ್ಲ. ಮುಂದೆ ನಿಂತು ಜೋರಾಗಿ ಎಣಿಸುವುದರಲ್ಲೇ ಇದ್ದೆ.

ಮರುದಿನ ಅವರು ಕುತ್ತಿಗೆಗೆ ಟವೆಲ್ ಸುತ್ತಿಕೊಂಡು ಬಂದರು. ಬೈಯಲಿಲ್ಲ. "ನೀವ್ ಹೇಳಿದಂಗ ಮಾಡೀನ್ರಿ ಅಕ್ಕೋರ" ಅಂದರು, ಅಷ್ಟೇ.

ಆ ಮಾತು ಇವತ್ತಿಗೂ ಮನಸ್ಸಿನಲ್ಲಿದೆ. ಅವರು ಮಾಡಿದ್ದರಲ್ಲಿ ತಪ್ಪಿರಲಿಲ್ಲ, ನಾನು ಹೇಳಿಕೊಟ್ಟದ್ದರಲ್ಲೇ ತಪ್ಪಿತ್ತು. ವ್ಯಾಯಾಮದ ಹೆಸರು, ಎಣಿಕೆ, ಕ್ರಮ ಎಲ್ಲ ನನಗೆ ಬಾಯಿಪಾಠ ಇತ್ತು. ಮುಂದೆ ಮಲಗಿರುವ ಮನುಷ್ಯರನ್ನು ನೋಡುವುದು ಬರುತ್ತಿರಲಿಲ್ಲ.

ಬಾಗಲಕೋಟೆಯ ನವನಗರದಲ್ಲಿ ಮನೆಯ ಮೇಲಿನ ಒಂದು ಹಾಲ್‌ನಲ್ಲಿ ನಾನು ಪಿಲಾಟಿಸ್ ಕಲಿಸುತ್ತೇನೆ, ಅಂದರೆ ಉಸಿರಿನ ಜೊತೆ ಮೈಯನ್ನು ಹಿಡಿತದಲ್ಲಿಟ್ಟುಕೊಂಡು ಮಾಡುವ ವ್ಯಾಯಾಮ. ಎಂಟು ಮ್ಯಾಟ್, ಒಂದಿಷ್ಟು ಟವೆಲ್, ದಿಂಬು. ಪಿಲಾಟಿಸ್‌ಗೆಂದೇ ಸಿಗುವ ಯಂತ್ರ ಯಾವುದೂ ಇಲ್ಲ. ನಮ್ಮ ಕಡೆಯ ಊರುಗಳಲ್ಲಿ ಈಗ ಹೊಸಬರು ಕಲಿಸಲು ಮುಂದೆ ಬರುತ್ತಿದ್ದಾರೆ. ಯೋಗ ಟೀಚರ್‌ಗಳು, ಫಿಸಿಯೋಥೆರಪಿ ಓದಿದವರು, ಜಿಮ್‌ನಲ್ಲಿ ಕೆಲಸ ಮಾಡುವವರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ವ್ಯಾಯಾಮದ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಆ ಪಟ್ಟಿಯ ಹಿಂದಿರುವ ತತ್ವಗಳನ್ನು ಜನರ ದೇಹದಲ್ಲಿ ಇಳಿಸುವುದು ಹೇಗೆ ಅನ್ನುವುದನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಆರು ತತ್ವ ಎಲ್ಲಿಂದ ಬಂದವು

ಜೋಸೆಫ್ ಪಿಲಾಟಿಸ್ 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲಿ ಸದಾ ಕಾಯಿಲೆ, ಅಸ್ತಮಾ ಬೇರೆ. ದೇಹ ಗಟ್ಟಿ ಮಾಡಿಕೊಳ್ಳಬೇಕು ಅಂತ ಜಿಮ್ನಾಸ್ಟಿಕ್ಸ್, ಬಾಕ್ಸಿಂಗ್ ಕಲಿತರು. ಮೊದಲ ಮಹಾಯುದ್ಧ ಶುರುವಾದಾಗ ಅವರು ಇಂಗ್ಲೆಂಡಿನಲ್ಲಿದ್ದರು. ಜರ್ಮನಿಯವರು ಅನ್ನುವ ಕಾರಣಕ್ಕೆ ಅವರನ್ನು ಬಂಧನ ಶಿಬಿರಕ್ಕೆ ಹಾಕಿದರು. ಅಲ್ಲಿ ಜೊತೆಗಿದ್ದವರಿಗೆ ವ್ಯಾಯಾಮ ಹೇಳಿಕೊಡುತ್ತಿದ್ದರು. 1926ರಲ್ಲಿ ಅಮೆರಿಕಕ್ಕೆ ಹೋಗಿ, ನ್ಯೂಯಾರ್ಕ್‌ನಲ್ಲಿ ಸಂಗಾತಿ ಕ್ಲಾರಾ ಜೊತೆ ಸ್ಟುಡಿಯೋ ನಡೆಸಿದರು. ನೃತ್ಯ ಮಾಡುವವರು ಪೆಟ್ಟು ಮಾಡಿಕೊಂಡು ಅವರ ಹತ್ತಿರ ಬರುತ್ತಿದ್ದರು. 1945ರಲ್ಲಿ ಅವರು ತಂದ ಪುಸ್ತಕದಲ್ಲಿ 34 ಮ್ಯಾಟ್ ವ್ಯಾಯಾಮಗಳಿವೆ. ಎಲ್ಲವೂ ನೆಲದ ಮೇಲೆ ಮಾಡುವಂಥವು. ಯಂತ್ರ ಇಲ್ಲ ಅಂತ ನೀವು ಕುಗ್ಗಬೇಕಿಲ್ಲ.

ತಮ್ಮ ಪದ್ಧತಿಯನ್ನು ಅವರು ‘ಕಂಟ್ರಾಲಜಿ’ ಅಂತ ಕರೆದರು. ದೇಹ ನಮ್ಮ ಹಿಡಿತದಲ್ಲಿರಬೇಕು ಅನ್ನುವ ಅರ್ಥದಲ್ಲಿ. ನಾವು ಇವತ್ತು ಹೇಳುವ ಆರು ತತ್ವಗಳಿವೆಯಲ್ಲ, ಉಸಿರು, ನಡುವಿನ ಬಲ, ಗಮನ, ಹಿಡಿತ, ಅಚ್ಚುಕಟ್ಟು, ಹರಿವು, ಇವನ್ನು ಹೀಗೆ ಆರು ಅಂತ ಎಣಿಸಿ ಇಟ್ಟವರು ಅವರಲ್ಲ. 1967ರಲ್ಲಿ ಅವರು ತೀರಿಕೊಂಡ ಮೇಲೆ, 1980ರ ಹೊತ್ತಿಗೆ, ಅವರ ದಾರಿಯಲ್ಲಿ ನಡೆದವರು ಇವನ್ನು ಬರೆದಿಟ್ಟರು. ಇದು ಗೊತ್ತಿರುವುದು ಒಳ್ಳೆಯದು. ಕೆಲವರು ಐದು ಹೇಳುತ್ತಾರೆ, ಕೆಲವರು ಎಂಟು. ಎಷ್ಟು ಅನ್ನುವ ಜಗಳ ಬೇಡ.

ಇನ್ನೊಂದು ವಿಷಯ. ‘ಪಿಲಾಟಿಸ್’ ಎಂಬ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ, ಅದು ಒಂದು ಬಗೆಯ ವ್ಯಾಯಾಮದ ಸಾಮಾನ್ಯ ಹೆಸರು ಅಂತ ಅಮೆರಿಕದ ನ್ಯಾಯಾಲಯ 2000ದಲ್ಲಿ ತೀರ್ಪು ಕೊಟ್ಟಿತು. ಹಾಗಾಗಿ ಯಾರು ಬೇಕಾದರೂ ಈ ಹೆಸರಿನ ಬೋರ್ಡ್ ಹಾಕಬಹುದು. ನಾನು ಎರಡೇ ದಿನದ ಒಂದು ಶಿಬಿರದಲ್ಲಿ ಸರ್ಟಿಫಿಕೇಟ್ ಪಡೆದು ಕಲಿಸಲು ನಿಂತವಳು. ಆ ಎರಡು ದಿನದಲ್ಲಿ ಯಾರ ದೇಹವನ್ನೂ ಹೇಗೆ ನೋಡಬೇಕು ಅಂತ ಹೇಳಿಕೊಡಲಿಲ್ಲ. ಆಮೇಲೆ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಎರಡು ವರ್ಷ ಕುಳಿತು ಕಲಿಯಬೇಕಾಯಿತು. ನಿಮಗೂ ಅದನ್ನೇ ಹೇಳುತ್ತೇನೆ. ಹತ್ತಿರದ ಫಿಸಿಯೋ ಒಬ್ಬರ ಪರಿಚಯ ಮಾಡಿಕೊಳ್ಳಿ.

ಮ್ಯಾಟ್ ಹಾಸುವ ಮೊದಲು ಕೇಳಿ

ಹೊಸಬರು ಬಂದ ದಿನ ಹತ್ತು ನಿಮಿಷ ಅವರೊಬ್ಬರ ಜೊತೆ ಕುಳಿತುಕೊಳ್ಳಿ. ಉಳಿದವರ ಮುಂದೆ ಕೇಳಬೇಡಿ. ಒಂದು ನೋಟ್‌ಬುಕ್ ಇರಲಿ.

ಬೆನ್ನಿನ ಡಿಸ್ಕ್ ತೊಂದರೆ ಇದೆಯಾ, ನೋವು ಕಾಲಿಗೆ ಇಳಿಯುತ್ತದಾ? ಬಿಪಿ ಇದೆಯಾ? ಮೂಳೆ ಸವೆತ, ಅಂದರೆ ಮೂಳೆ ಟೊಳ್ಳಾಗುವ ಆಸ್ಟಿಯೊಪೊರೋಸಿಸ್, ಇದೆ ಅಂತ ಡಾಕ್ಟರು ಹೇಳಿದ್ದಾರಾ? ಕಣ್ಣಿನ ಒತ್ತಡ, ಹರ್ನಿಯಾ, ಈಚೆಗೆ ಆದ ಆಪರೇಷನ್? ಹೆರಿಗೆ ಆಗಿ ಎಷ್ಟು ತಿಂಗಳಾಯಿತು, ಸಿಸೇರಿಯನ್ ಆಗಿತ್ತಾ? ಗರ್ಭಿಣಿಯಾ? ಇದರಲ್ಲಿ ಯಾವುದಕ್ಕಾದರೂ ಹೌದು ಅಂದರೆ ಡಾಕ್ಟರ ಒಪ್ಪಿಗೆ ಮೊದಲು, ಕ್ಲಾಸು ಆಮೇಲೆ. ನಾಚಿಕೆ ಬೇಡ, ಸ್ಪಷ್ಟವಾಗಿ ಹೇಳಿ. ಫೀಸು ಒಂದು ತಿಂಗಳು ತಡವಾಗಿ ಬಂದರೂ ಪರವಾಗಿಲ್ಲ.

ಮೂಳೆ ಸವೆತ ಇರುವವರಿಗೆ ಬೆನ್ನು ಮುಂದಕ್ಕೆ ಸುರುಳಿ ಮಾಡುವ ವ್ಯಾಯಾಮ ಬೇಡವೇ ಬೇಡ. ಬೆನ್ನುಮೂಳೆಯ ಮುಂಭಾಗಕ್ಕೆ ಒತ್ತಡ ಬಿದ್ದು ಬಿರುಕು ಬಿಡುವ ಅಪಾಯವಿದೆ. ಪಿಲಾಟಿಸ್‌ನ ಹೆಸರಾಂತ ವ್ಯಾಯಾಮಗಳಲ್ಲಿ ಅರ್ಧದಷ್ಟು ಇಂಥವೇ. ಐವತ್ತು ದಾಟಿದ ಹೆಂಗಸರು ನಮ್ಮ ಕ್ಲಾಸಿಗೆ ಜಾಸ್ತಿ ಬರುತ್ತಾರೆ. ಪರೀಕ್ಷೆ ಮಾಡಿಸಿರುವುದಿಲ್ಲ, ಹಾಗಾಗಿ ಗೊತ್ತೂ ಇರುವುದಿಲ್ಲ. ಅವರಿಗೆ ನಾನು ಮೊದಲಿನಿಂದಲೇ ಸುರುಳಿ ಬಿಟ್ಟು, ಪಕ್ಕಕ್ಕೆ ಮಲಗಿ, ಬೋರಲು ಮಲಗಿ, ಕೈಕಾಲೂರಿ ಮಾಡುವಂಥವನ್ನೇ ಕೊಡುತ್ತೇನೆ.

ಒಂದು ಪ್ರಶ್ನೆಯನ್ನು ಹೆಂಗಸರು ತಾವಾಗಿ ಎತ್ತುವುದಿಲ್ಲ. ಕೆಮ್ಮಿದಾಗ, ಸೀನಿದಾಗ, ಜೋರಾಗಿ ನಕ್ಕಾಗ ಮೂತ್ರ ಹನಿಯುತ್ತದಾ ಅಂತ ನೀವೇ ಮೆತ್ತಗೆ ಕೇಳಬೇಕು. ನನ್ನ ಹತ್ತಿರ ಬರುವ ಒಬ್ಬ ಅಕ್ಕ ಹದಿನೆಂಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. "ಎಲ್ಲಾರಿಗೂ ಹಿಂಗ ಇರ್ತೈತಿ ಅಂದ್ಕೊಂಡಿದ್ದೆ" ಅಂದರು. ಇದಕ್ಕೆ ಡಾಕ್ಟರು ಇದ್ದಾರೆ, ಚಿಕಿತ್ಸೆ ಇದೆ ಅನ್ನುವುದನ್ನು ಅವತ್ತೇ ಹೇಳಿಬಿಡಿ. ಅಂಥವರಿಗೆ ಹೊಟ್ಟೆಯ ಮೇಲೆ ಜಾಸ್ತಿ ಒತ್ತಡ ಹಾಕುವ ವ್ಯಾಯಾಮ ಕೊಟ್ಟರೆ ತೊಂದರೆ ಹೆಚ್ಚಾಗುತ್ತದೆ.

ನಿಲ್ಲಿಸಿ ನೋಡಿ, ನಡೆಸಿ ನೋಡಿ

ಕೇಳಿದ್ದಾಯಿತು. ಈಗ ಅವರನ್ನು ಸುಮ್ನೆ ನಿಲ್ಲಲು ಹೇಳಿ. ನೀವು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ನೋಡಿ. ಎರಡು ಭುಜ ಒಂದೇ ಎತ್ತರದಲ್ಲಿವೆಯಾ? ಪಕ್ಕದಿಂದ ನೋಡಿದಾಗ ಕಿವಿ ಭುಜಕ್ಕಿಂತ ಮುಂದೆ ಬಂದಿದೆಯಾ? ಭಾರ ಯಾವ ಕಾಲಿನ ಮೇಲಿದೆ? ಆಮೇಲೆ ಹಾಲ್‌ನ ಆ ತುದಿಗೆ ಹೋಗಿ ಬರಲು ಹೇಳಿ. ಕುರ್ಚಿಯಿಂದ ಕೈ ಊರದೆ ಏಳಲು ಹೇಳಿ.

ಮನುಷ್ಯರು ದಿನವಿಡೀ ಮಾಡುವ ಕೆಲಸ ದೇಹದಲ್ಲಿ ಉಳಿದುಬಿಡುತ್ತದೆ. ಇಳಕಲ್ಲಿನ ಕುಣಿ ಮಗ್ಗದಲ್ಲಿ ಕುಳಿತು ನೇಯ್ದವರ ಬೆನ್ನು ನೋಡಿ. ಕಾಲು ಕುಣಿಯೊಳಗೆ, ಮೈ ಮಗ್ಗದ ಮೇಲೆ ಬಾಗಿ, ವರ್ಷಗಟ್ಟಲೆ. ಅವರ ತೊಡೆಯ ಮುಂಭಾಗದ ಸ್ನಾಯು ಗಿಡ್ಡವಾಗಿರುತ್ತದೆ, ಮೇಲ್ಬೆನ್ನು ದುಂಡಗಿರುತ್ತದೆ. ದಿನಕ್ಕೆ ನಲವತ್ತು ರೊಟ್ಟಿ ಬಡಿಯುವ ಹೆಂಗಸರಿಗೆ ಬಲಭುಜ ಕಿವಿಯ ಕಡೆ ಏರಿರುತ್ತದೆ. ಅಂಗಡಿಯ ಗಲ್ಲೆಯ ಮೇಲೆ ಕುಳಿತವರು, ಬ್ಯಾಂಕಿನಲ್ಲಿ ಕಂಪ್ಯೂಟರ್ ಮುಂದೆ ಇರುವವರು ಬೇರೆ ಥರ. ಎಲ್ಲರೂ ಬಂದು ಹೇಳುವುದು ಮಾತ್ರ ಒಂದೇ ಮಾತು: "ಟೊಂಕ ಹಿಡದೈತ್ರಿ." ಒಂದೇ ಮಾತಿನ ಹಿಂದೆ ಹತ್ತು ಬೇರೆ ಬೇರೆ ದೇಹಗಳಿವೆ. ಹತ್ತು ಜನರಿಗೂ ಒಂದೇ ವ್ಯಾಯಾಮ ಕೊಟ್ಟರೆ ನಾಲ್ಕು ಜನರಿಗೆ ಹಿತವಾಗುತ್ತದೆ, ಇಬ್ಬರಿಗೆ ನೋವಾಗುತ್ತದೆ, ಉಳಿದವರು ಒಂದು ತಿಂಗಳಾದ ಮೇಲೆ ಬರುವುದಿಲ್ಲ.

ನೋಡಿದ್ದನ್ನು ಅವರಿಗೆ ದೋಷದ ಹಾಗೆ ಹೇಳಬೇಡಿ. ‘ನಿಮ್ಮ ಬೆನ್ನು ಸೊಟ್ಟಗಿದೆ’ ಅಂತ ಒಮ್ಮೆ ಹೇಳಿದರೆ ಸಾಕು, ಅವರು ಹತ್ತು ವರ್ಷ ಅದನ್ನೇ ಹೊತ್ತುಕೊಂಡು ಓಡಾಡುತ್ತಾರೆ. ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ, ಅಷ್ಟೇ.

ಉಸಿರು: ಮೊದಲ ಎರಡು ಕ್ಲಾಸು ಇದಕ್ಕೇ ಇರಲಿ

ಹೊಸ ಟೀಚರ್‌ಗಳು ಇಲ್ಲಿ ಅವಸರ ಮಾಡುತ್ತಾರೆ. ದುಡ್ಡು ಕೊಟ್ಟು ಬಂದವರಿಗೆ ಉಸಿರಾಡುವುದನ್ನು ಹೇಳಿಕೊಟ್ಟರೆ ಏನಂದುಕೊಳ್ಳುತ್ತಾರೋ ಅನ್ನುವ ಅಳುಕು. ನನಗೂ ಇತ್ತು. ಆದರೆ ಉಸಿರು ಸರಿಯಾಗದೆ ಮುಂದಿನದು ಯಾವುದೂ ನಿಲ್ಲುವುದಿಲ್ಲ.

ಯೋಗ, ಪ್ರಾಣಾಯಾಮ ಮಾಡಿದವರು ಉಸಿರು ಎಳೆದಾಗ ಹೊಟ್ಟೆ ಉಬ್ಬಿಸಲು ಕಲಿತಿರುತ್ತಾರೆ. ಅದು ತಪ್ಪಲ್ಲ. ಆದರೆ ಪಿಲಾಟಿಸ್‌ನಲ್ಲಿ ಹೊಟ್ಟೆಯ ಸ್ನಾಯು ಕೆಲಸ ಮಾಡುತ್ತಿರುವಾಗಲೇ ಉಸಿರು ಒಳಗೆ ಬರಬೇಕು. ಹೊಟ್ಟೆ ಉಬ್ಬಿಸಿದರೆ ಆ ಹಿಡಿತ ಬಿಟ್ಟುಹೋಗುತ್ತದೆ. ಹಾಗಾಗಿ ಗಾಳಿಯನ್ನು ಪಕ್ಕೆಲುಬಿನ ಕಡೆಗೆ, ಬೆನ್ನಿನ ಕಡೆಗೆ ಕಳಿಸುತ್ತೇವೆ. ಮೂಗಿನಿಂದ ಒಳಕ್ಕೆ, ಬಾಯಿಂದ ಹೊರಕ್ಕೆ.

ಕಲಿಸುವುದು ಹೀಗೆ. ಕುಳಿತುಕೊಳ್ಳಲು ಹೇಳಿ. ಒಂದು ಟವೆಲ್ ಅಥವಾ ಓಢಣಿಯನ್ನು ಪಕ್ಕೆಲುಬಿನ ಸುತ್ತ ಸುತ್ತಿ, ಎರಡೂ ತುದಿಯನ್ನು ಮುಂದೆ ಅಡ್ಡ ಹಾಯಿಸಿ ಅವರ ಕೈಗೇ ಕೊಡಿ. ಸ್ವಲ್ಪ ಬಿಗಿಯಾಗಿ ಹಿಡಿಯಲಿ. ಉಸಿರು ಎಳೆದಾಗ ಬಟ್ಟೆ ಎಡಕ್ಕೂ ಬಲಕ್ಕೂ ಹಿಗ್ಗಬೇಕು. ಬಿಟ್ಟಾಗ ಸಡಿಲಾಗಬೇಕು. ಬಟ್ಟೆಯೇ ಅವರಿಗೆ ಹೇಳಿಕೊಡುತ್ತದೆ, ನೀವು ಜಾಸ್ತಿ ಮಾತಾಡಬೇಕಿಲ್ಲ. ನಮ್ಮೂರಲ್ಲಿ ‘ಪಕ್ಕೆಲುಬು’ ಅನ್ನುವುದಕ್ಕಿಂತ "ಪಕ್ಕಡಿ ಅಗಲ ಮಾಡ್ರಿ" ಅಂದರೆ ಬೇಗ ಗೊತ್ತಾಗುತ್ತದೆ. ಹೊರಗೆ ಬಿಡುವಾಗ "ಬಿಸಿ ಚಹಾ ಆರಸ್ತೀರಲ್ಲ, ಹಂಗ ಊದ್ರಿ" ಅನ್ನುತ್ತೇನೆ. ತುಟಿ ತಾನಾಗಿ ಸರಿಯಾದ ಆಕಾರಕ್ಕೆ ಬರುತ್ತದೆ.

ಈಗ ಏನು ನೋಡಬೇಕು? ಭುಜ. ಉಸಿರು ಎಳೆದಾಗಲೆಲ್ಲ ಭುಜ ಮೇಲೆ ಹೋದರೆ ಗಾಳಿ ಎದೆಯ ಮೇಲ್ಭಾಗಕ್ಕೆ ಮಾತ್ರ ಹೋಗುತ್ತಿದೆ ಅಂತ ಅರ್ಥ. ಆಗ ಬೋರಲು ಮಲಗಿಸಿ, ಹಣೆಯನ್ನು ಅಂಗೈಗಳ ಮೇಲೆ ಇರಿಸಿ. ಮುಂದೆ ಜಾಗ ಇಲ್ಲದ್ದರಿಂದ ಗಾಳಿ ಬೆನ್ನಿನ ಕಡೆಗೇ ಹೋಗಬೇಕಾಗುತ್ತದೆ. ಟವೆಲ್‌ನಿಂದ ಆಗದವರಿಗೆ ಇದರಿಂದ ಆಗುತ್ತದೆ.

ಸಾಮಾನ್ಯವಾಗಿ ಕಷ್ಟದ ಭಾಗದಲ್ಲಿ ಉಸಿರು ಬಿಡುವುದು ರೂಢಿ. ಆದರೆ ಇದನ್ನು ಕಲ್ಲಿನ ಮೇಲೆ ಕೆತ್ತಿದ ನಿಯಮ ಮಾಡಬೇಡಿ. ಎಳೆಯುವುದು ಬಿಡುವುದು ಹಿಂದುಮುಂದಾದರೆ ಏನೂ ಆಗುವುದಿಲ್ಲ. ಕಟ್ಟಿ ಹಿಡಿದರೆ ಮಾತ್ರ ನಿಲ್ಲಿಸಿ. ಬಿಪಿ ಇರುವವರಿಗಂತೂ ಒಂದು ಕ್ಷಣವೂ ಉಸಿರು ಕಟ್ಟಿ ಹಿಡಿಯಲು ಬಿಡಬೇಡಿ.

ನಡುವಿನ ಬಲ

ಈ ತತ್ವದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಜಾಸ್ತಿ ತಪ್ಪು ನಡೆಯುವುದೂ ಇಲ್ಲೇ. ‘ಕೋರ್ ಟೈಟ್ ಮಾಡಿ’ ಅಂತ ಕೂಗಿದರೆ ಜನ ಏನು ಮಾಡುತ್ತಾರೆ? ಹೊಟ್ಟೆಯನ್ನು ಒಳಗೆ ಎಳೆದು, ಉಸಿರು ಹಿಡಿದು, ಹಲ್ಲು ಕಚ್ಚುತ್ತಾರೆ.

ಒಳಗೆ ಏನಿದೆ ಅಂತ ಮೊದಲು ನೀವು ಸರಿಯಾಗಿ ಚಿತ್ರ ಮಾಡಿಕೊಳ್ಳಿ. ಒಂದು ಡಬ್ಬಿ ಅಂದುಕೊಳ್ಳಿ. ಮೇಲಿನ ಮುಚ್ಚಳ ಅಂದರೆ ವಪೆ, ಎದೆಗೂ ಹೊಟ್ಟೆಗೂ ನಡುವೆ ಛತ್ರಿಯ ಹಾಗೆ ಇರುವ ಉಸಿರಾಟದ ಸ್ನಾಯು. ಕೆಳಗಿನ ತಳ ಅಂದರೆ ಮೂತ್ರಚೀಲ, ಗರ್ಭಕೋಶವನ್ನು ಎತ್ತಿ ಹಿಡಿದಿರುವ ಸ್ನಾಯುಗಳ ಜೋಳಿಗೆ. ಹಿಂದೆ ಬೆನ್ನುಮೂಳೆಯ ಪಕ್ಕದ ಸಣ್ಣ ಸ್ನಾಯುಗಳು. ಸುತ್ತಲೂ ಹೊಟ್ಟೆಯ ಎಲ್ಲಕ್ಕಿಂತ ಒಳಗಿನ ಪದರ. ಈ ನಾಲ್ಕೂ ಸೇರಿ ನಡುವನ್ನು ಕಾಯುತ್ತವೆ. ಮೇಲೆ ಕಾಣುವ ‘ಸಿಕ್ಸ್ ಪ್ಯಾಕ್’ ಬೇರೆ.

ಇದನ್ನು ಕ್ಲಾಸಿನಲ್ಲಿ ಹೇಗೆ ಹೇಳುವುದು? ಬಾಣಂತನದಲ್ಲಿ ಹೊಟ್ಟೆಗೆ ಹಳೆಯ ಸೀರೆ ಸುತ್ತಿ ಕಟ್ಟುತ್ತಾರಲ್ಲ, ಆ ಸೀರೆಯ ಕೆಲಸ ಮಾಡುವ ಸ್ನಾಯು ಒಳಗೇ ಇದೆ ಅಂದರೆ ನಮ್ಮ ಹೆಂಗಸರಿಗೆ ಆ ಕ್ಷಣವೇ ಹೊಳೆಯುತ್ತದೆ. ಗಂಡಸರಿಗೆ ಜಾತ್ರೆಯ ಸಂಗ್ರಾಣಿ ಕಲ್ಲು ನೆನಪು ಮಾಡುತ್ತೇನೆ. ಕಲ್ಲಿಗೆ ಕೈ ಹಾಕುವ ಮುಂಚೆ ಪೈಲವಾನರು ನಡು ಕಟ್ಟಿಕೊಳ್ಳುತ್ತಾರೆ. ಆದರೆ ಅವರದು ಒಂದೇ ಏಟಿನ ಎತ್ತುವಿಕೆ, ಉಸಿರು ಹಿಡಿದೇ ಎತ್ತುತ್ತಾರೆ. ನಮ್ಮದು ಹಾಗಲ್ಲ. ಹತ್ತರಲ್ಲಿ ಮೂರು ಪಾಲು ಬಲ ಸಾಕು. ಆ ಹಿಡಿತದಲ್ಲೇ ಮಾತಾಡಲು, ಉಸಿರಾಡಲು ಆಗಬೇಕು. ನಾನು ನಡುವೆ ಅವರ ಮಕ್ಕಳ ಬಗ್ಗೆ, ಅಡುಗೆ ಬಗ್ಗೆ ಏನಾದರೂ ಕೇಳುತ್ತೇನೆ. ಉತ್ತರ ಸಲೀಸಾಗಿ ಬಂದರೆ ಹಿಡಿತ ಸರಿಯಾಗಿದೆ.

ಈಗ ಮಲಗಿಸಿ. ಅಂಗಾತ, ಮೊಣಕಾಲು ಮಡಚಿ, ಪಾದ ನೆಲದ ಮೇಲೆ. ಅಂಗೈಯ ಬುಡ ಎರಡೂ ಕಡೆಯ ಸೊಂಟದ ಮೂಳೆಯ ಮೇಲೆ, ಬೆರಳ ತುದಿಗಳು ಕಿಬ್ಬೊಟ್ಟೆಯ ಕೆಳಗಿನ ಮೂಳೆಯ ಮೇಲೆ. ಕೈಗಳು ಒಂದು ತ್ರಿಕೋನವಾದವು. ಆ ತ್ರಿಕೋನ ನೆಲಕ್ಕೆ ಸಮವಾಗಿದ್ದರೆ ಬೆನ್ನು ತನ್ನ ಸಹಜ ಬಾಗಿನಲ್ಲಿದೆ. ಟೊಂಕದ ಕೆಳಗೆ ಸ್ವಲ್ಪ ಸಂದು ಇರುತ್ತದೆ, ಇರಲಿ. ಜೋಸೆಫ್ ಪಿಲಾಟಿಸ್ ಸ್ವತಃ ಬೆನ್ನನ್ನು ನೆಲಕ್ಕೆ ಒತ್ತಿ ಚಪ್ಪಟೆ ಮಾಡಲು ಹೇಳುತ್ತಿದ್ದರು. ನಂತರದ ಅನೇಕ ಟೀಚರ್‌ಗಳು ಸಹಜ ಬಾಗನ್ನೇ ಉಳಿಸಿಕೊಳ್ಳಬೇಕು ಅನ್ನುತ್ತಾರೆ. ನಾನು ಎರಡನೆಯವರ ಪಕ್ಷ. ಆದರೆ ಎರಡೂ ಕಾಲು ಒಟ್ಟಿಗೆ ಎತ್ತಿದಾಗ ಬೆನ್ನು ಕಮಾನಿನಂತೆ ಏಳುವವರಿಗೆ, ಬಲ ಬರುವವರೆಗೆ ಸ್ವಲ್ಪ ಒತ್ತಿಕೊಳ್ಳಲು ಹೇಳುತ್ತೇನೆ.

ಒಂದು ಸ್ಟೀಲ್ ಬಟ್ಟಲಿನಲ್ಲಿ ಅರ್ಧ ನೀರು ಹಾಕಿ ಹೊಕ್ಕಳ ಕೆಳಗೆ ಇಡಿ. ಉಸಿರು ಬಿಡುತ್ತಾ ಒಂದು ಕಾಲನ್ನು ಮಡಚಿದ ಹಾಗೆಯೇ ನೆಲದಿಂದ ಎತ್ತಲಿ, ಇಳಿಸಲಿ. ಆಮೇಲೆ ಇನ್ನೊಂದು. ನೀರು ತುಳುಕಿದರೆ ಸೊಂಟ ಹೊರಳಿತು ಅಂತ. ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಕಾಲು ಎತ್ತುವುದು ತೊಡೆಯ ಕೆಲಸ ಅಂತ ಅಂದುಕೊಂಡವರಿಗೆ, ಅದನ್ನು ತಡೆದು ಹಿಡಿಯುವುದು ನಡುವಿನ ಕೆಲಸ ಅಂತ ಬಟ್ಟಲೇ ತೋರಿಸುತ್ತದೆ.

ಇಲ್ಲಿ ಕಣ್ಣು ಹೊಟ್ಟೆಯ ಮೇಲಿರಲಿ. ಮಧ್ಯದಲ್ಲಿ ಉದ್ದಕ್ಕೆ ಏಣಿನ ಹಾಗೆ ಉಬ್ಬಿದರೆ ಆ ವ್ಯಾಯಾಮ ಅವರಿಗೆ ಇವತ್ತು ಜಾಸ್ತಿಯಾಯಿತು. ಹೆರಿಗೆಯಾದವರಲ್ಲಿ ಇದು ತುಂಬಾ ಸಾಮಾನ್ಯ. ಒಂದು ಮೆಟ್ಟಿಲು ಕೆಳಗಿಳಿಸಿ.

ಒಂದು ಸಲಕ್ಕೆ ಒಂದೇ ಮಾತು

ಗಮನ, ಹಿಡಿತ, ಅಚ್ಚುಕಟ್ಟು. ಈ ಮೂರನ್ನು ನಾನು ಬೇರೆ ಬೇರೆಯಾಗಿ ಕಲಿಸುವುದಿಲ್ಲ. ಕಲಿಯುವವರಿಗೆ ಇವು ಒಂದೇ. ಇವು ಬರುವುದೂ ಹೋಗುವುದೂ ನಿಮ್ಮ ಮಾತಿನ ಮೇಲಿದೆ.

ನನ್ನ ಮೊದಲ ದಿನಗಳ ಮಾತು ಹೀಗಿರುತ್ತಿತ್ತು: ಗಲ್ಲ ಒಳಗೆ, ಭುಜ ಕೆಳಗೆ, ಹೊಟ್ಟೆ ಬಿಗಿ, ಕಾಲು ನೇರ, ಉಸಿರು ಬಿಡಿ, ಬೆರಳು ಉದ್ದ. ಒಂದೇ ಉಸಿರಿನಲ್ಲಿ ಆರು ಆಜ್ಞೆ. ಕೇಳುವವರು ಗಾಬರಿಯಾಗಿ ಎಲ್ಲವನ್ನೂ ಬಿಗಿ ಮಾಡುತ್ತಿದ್ದರು. ಈಗ ಒಂದು ಸುತ್ತಿಗೆ ಒಂದೇ ಮಾತು ಹೇಳುತ್ತೇನೆ. ಹೇಳಿ, ಎರಡು ಉಸಿರು ಕಾಯುತ್ತೇನೆ. ದೇಹಕ್ಕೆ ಮಾತು ತಲುಪಲು ಅಷ್ಟು ಹೊತ್ತು ಬೇಕು. ಆರು ತಪ್ಪು ಕಂಡರೆ ಮೊದಲು ಯಾವುದನ್ನು ಹೇಳಬೇಕು? ಪೆಟ್ಟಾಗುವಂಥದ್ದನ್ನು. ಅದಿಲ್ಲದಿದ್ದರೆ ಉಸಿರನ್ನು. ಎಷ್ಟೋ ಸಲ ಉಸಿರು ಸರಿಯಾದರೆ ಉಳಿದವುಗಳಲ್ಲಿ ಮೂರು ತಾವಾಗಿ ಸರಿಯಾಗುತ್ತವೆ.

ಸ್ನಾಯುವಿನ ಹೆಸರು ಹೇಳಬೇಡಿ, ಚಿತ್ರ ಕೊಡಿ. ಕುಳಿತಲ್ಲಿಂದ ಬೆನ್ನನ್ನು ನೆಲಕ್ಕೆ ಇಳಿಸುವಾಗ ‘ಒಂದೊಂದೇ ಕಶೇರುಕ’ ಅಂದರೆ ಯಾರಿಗೂ ಏನೂ ಆಗುವುದಿಲ್ಲ. ಕಾರಹುಣ್ಣಿಮೆಯಲ್ಲಿ ಎತ್ತಿನ ಕೊರಳ ಗೆಜ್ಜೆಸರ ಬಿಚ್ಚಿ ನೆಲಕ್ಕಿಡುವಾಗ ಒಂದೊಂದೇ ಗೆಜ್ಜೆ ನೆಲ ಮುಟ್ಟುತ್ತದೆ ನೋಡಿ, ಹಾಗೆ ಇಳಿಯಿರಿ ಅಂದಾಗ ಒಬ್ಬ ರೈತರು ಮೊದಲ ಸಲಕ್ಕೇ ಚೆಂದ ಮಾಡಿದರು. ಅಚ್ಚುಕಟ್ಟಿಗೆ ರೊಟ್ಟಿಯ ಮಾತು ಹೇಳುತ್ತೇನೆ. ಅಂಗೈ ಎಲ್ಲ ಕಡೆ ಸಮ ಬಿದ್ದರೆ ರೊಟ್ಟಿ ತೆಳ್ಳಗೆ ಹರಡುತ್ತದೆ, ಒಂದು ಕಡೆ ಜೋರು ಬಿದ್ದರೆ ಹರಿಯುತ್ತದೆ. ಹತ್ತು ಸಲ ಒರಟಾಗಿ ಮಾಡುವುದಕ್ಕಿಂತ ನಾಲ್ಕು ಸಲ ಸರಿಯಾಗಿ ಮಾಡಿಸಿ. ‘ಇಷ್ಟೇನಾ’ ಅಂತ ಕೆಲವರು ಕೇಳುತ್ತಾರೆ. ಆಗಲಿ, ಎಣಿಕೆ ಏರಿಸಬೇಡಿ.

ನೀವು ಮಾಡಿ ತೋರಿಸುವುದು ಒಮ್ಮೆ ಸಾಕು. ಪೂರ್ತಿ ಕ್ಲಾಸು ಅವರ ಜೊತೆ ನೀವೂ ಮಲಗಿ ಮಾಡಿದರೆ ನಿಮ್ಮ ವ್ಯಾಯಾಮ ಆಗುತ್ತದೆ, ಅವರನ್ನು ಯಾರು ನೋಡಬೇಕು? ಎದ್ದು ಓಡಾಡಿ. ತಲೆಯ ಕಡೆಯಿಂದ, ಕಾಲಿನ ಕಡೆಯಿಂದ ನೋಡಿ.

ಮುಟ್ಟಿ ತಿದ್ದುವುದು ಬಹಳ ಕೆಲಸ ಮಾಡುತ್ತದೆ, ಆದರೆ ಕೇಳದೆ ಮುಟ್ಟಬೇಡಿ. "ಇಲ್ಲಿ ಕೈ ಇಡ್ಲೇನ್ರಿ?" ಅಂತ ಪ್ರತಿ ಸಲ ಕೇಳಿ. ಹಿಂದಿನ ವಾರ ಹೂಂ ಅಂದಿದ್ದರೂ ಕೇಳಿ. ಮುಖದಲ್ಲಿ ಸ್ವಲ್ಪ ಸಂಕೋಚ ಕಂಡರೂ ಬಿಟ್ಟುಬಿಡಿ, ಅವರ ಕೈಯನ್ನೇ ಅಲ್ಲಿ ಇಟ್ಟುಕೊಳ್ಳಲು ಹೇಳಿ. ಹೆಂಗಸರ ಬ್ಯಾಚಿಗೆ ಗಂಡಸರು ಕಲಿಸುವಾಗ ನನ್ನ ಸಲಹೆ, ಮುಟ್ಟುವುದೇ ಬೇಡ. ಟವೆಲ್, ಬಟ್ಟಲು, ಗೋಡೆ ಇವೆಯಲ್ಲ.

ಹರಿವು

ಇದು ಕೊನೆಗೆ ಬರುವಂಥದ್ದು. ಒಂದರಿಂದ ಇನ್ನೊಂದಕ್ಕೆ ತಡವರಿಸದೆ ಹೋಗುವುದು. ಮಗ್ಗದ ಲಾಳಿ ಆ ಕಡೆಯಿಂದ ಈ ಕಡೆ ಹೋಗುವುದನ್ನು ನೋಡಿದವರಿಗೆ ವಿವರಿಸಬೇಕಿಲ್ಲ. ನಿಲ್ಲುವುದೂ ಇಲ್ಲ, ಅವಸರವೂ ಇಲ್ಲ. ಮೂರು ತಿಂಗಳ ಮೊದಲು ಇದನ್ನು ಕೇಳಲೇಬೇಡಿ. ಹಿಡಿತ ಇಲ್ಲದೆ ಹರಿವು ಬಂದರೆ ಅದು ಬರೀ ವೇಗ.

ಒಂದು ವ್ಯಾಯಾಮವನ್ನು ಬಿಡಿಸಿ ಕಟ್ಟುವುದು

ಆ ಹಿರಿಯರ ಕುತ್ತಿಗೆ ಹಿಡಿದ ಹಂಡ್ರೆಡ್ ಇದೆಯಲ್ಲ, ಅದನ್ನೇ ತೆಗೆದುಕೊಳ್ಳೋಣ. ಐದು ಎಣಿಕೆ ಉಸಿರು ಒಳಗೆ, ಐದು ಎಣಿಕೆ ಹೊರಗೆ, ಹೀಗೆ ಹತ್ತು ಸುತ್ತು, ಒಟ್ಟು ನೂರು. ಹೆಸರು ಬಂದದ್ದು ಹಾಗೆ. ಇದು ಮ್ಯಾಟ್ ಕ್ರಮದಲ್ಲಿ ಮೊದಲನೆಯದು, ಆದ್ದರಿಂದ ಸುಲಭದ್ದು ಅಂತ ನಾನು ತಿಳಿದಿದ್ದೆ. ಹಾಗಲ್ಲ, ಇದು ಮೈ ಬಿಸಿ ಮಾಡಲು ಮೊದಲಿಗಿದೆ, ಅಷ್ಟೇ.

ಮೊದಲ ವಾರ ತಲೆ ನೆಲದ ಮೇಲೆ, ಮೊಣಕಾಲು ಮಡಚಿ, ಪಾದ ನೆಲದ ಮೇಲೆ. ಕೈ ಮಾತ್ರ ಆಡಲಿ. ಕೈ ನೇರ, ನೆಲದಿಂದ ಒಂದು ಗೇಣು ಎತ್ತರ, ನೀರಿನ ಮೇಲೆ ಬಡಿದ ಹಾಗೆ ಮೇಲೆ ಕೆಳಗೆ. ಮೂವತ್ತು ಎಣಿಕೆ ಸಾಕು. ಇಲ್ಲಿ ನೀವು ನೋಡುವುದು ಭುಜ ನೆಲ ಬಿಟ್ಟು ಮೇಲೇಳುತ್ತದಾ, ಐದು ಎಣಿಕೆಯವರೆಗೆ ಉಸಿರು ಬರುತ್ತದಾ. ಬರದಿದ್ದರೆ ಮೂರು ಎಣಿಕೆಗೆ ಇಳಿಸಿ.

ಇದು ಸಲೀಸಾದ ಮೇಲೆ ಒಂದು ಕಾಲನ್ನು ಎತ್ತಿ ಮೇಜಿನ ಹಾಗೆ ಹಿಡಿಯಲಿ, ಅಂದರೆ ತೊಡೆ ನೇರ ಮೇಲಕ್ಕೆ, ಮೊಣಕಾಲಿನಿಂದ ಕೆಳಗಿನದು ನೆಲಕ್ಕೆ ಸಮ. ಎಣಿಕೆ ಅರ್ಧ ಆದಾಗ ಕಾಲು ಬದಲಿಸಿ. ಆಮೇಲೆ ಎರಡೂ ಕಾಲು. ತಲೆ ಇನ್ನೂ ನೆಲದ ಮೇಲೇ ಇದೆ. ಎಷ್ಟೋ ಜನ ಇಲ್ಲಿ ತಿಂಗಳುಗಟ್ಟಲೆ ಇರುತ್ತಾರೆ, ಇರಲಿ.

ತಲೆ ಎತ್ತುವುದನ್ನು ಬೇರೆಯಾಗಿ ಕಲಿಸಿ. ಎರಡೂ ಕೈ ತಲೆಯ ಹಿಂದೆ, ತಲೆಯ ಭಾರ ಕೈಗೆ. ಮೊದಲು ಹೂಂ ಅನ್ನುವ ಹಾಗೆ ಗಲ್ಲ ಸ್ವಲ್ಪ ಇಳಿಯಲಿ, ಗಲ್ಲಕ್ಕೂ ಎದೆಗೂ ನಡುವೆ ಒಂದು ಲಿಂಬೆಹಣ್ಣು ಹಿಡಿಯುವಷ್ಟು ಜಾಗ ಇರಲಿ. ಉಸಿರು ಬಿಡುತ್ತಾ ಭುಜದ ಹಲಗೆಯ ಕೆಳತುದಿಯವರೆಗೆ ಏಳಲಿ. ಕಣ್ಣು ತೊಡೆಯ ಕಡೆ, ಸೂರಿನ ಕಡೆ ಅಲ್ಲ. ಕೆಲಸ ಹೊಟ್ಟೆಯಲ್ಲಿ ಗೊತ್ತಾಗಬೇಕು. ಕುತ್ತಿಗೆಯಲ್ಲಿ ಗೊತ್ತಾದರೆ ತಲೆ ಕೆಳಗಿಡಿ, ಕೈ ಆಡಿಸುವುದು ಮುಂದುವರಿಯಲಿ. ಇದನ್ನು ಮೊದಲೇ ಎಲ್ಲರಿಗೂ ಹೇಳಿಡಿ. ನಮ್ಮ ಜನರಿಗೆ ಮರ್ಯಾದೆ ಜಾಸ್ತಿ, ಟೀಚರ್ ನಿಲ್ಲಿಸು ಅನ್ನದೆ ನಿಲ್ಲಿಸುವುದಿಲ್ಲ. ಆ ಹಿರಿಯರೂ ಅದಕ್ಕೇ ನೂರರವರೆಗೆ ಹಿಡಿದಿದ್ದರು. ಮೂಳೆ ಸವೆತ ಇರುವವರು, ಕುತ್ತಿಗೆ ತೊಂದರೆ ಇರುವವರು ತಲೆ ಎತ್ತುವುದೇ ಬೇಡ. ಗರ್ಭಿಣಿಯರಿಗೆ ಮೂರು ತಿಂಗಳಾದ ಮೇಲೆ ಅಂಗಾತ ಬಹಳ ಹೊತ್ತು ಮಲಗಿಸುವುದೂ ಬೇಡ.

ಇಷ್ಟೆಲ್ಲ ಆದ ಮೇಲೆ ತಲೆ, ಕಾಲು, ಕೈ ಮೂರನ್ನೂ ಸೇರಿಸಿ. ಕಾಲು ನೇರ ಮಾಡಿ ಇಳಿಸುವುದು ಎಲ್ಲಕ್ಕಿಂತ ಕೊನೆಗೆ. ಟೊಂಕ ನೆಲ ಬಿಟ್ಟು ಏಳುವ ಜಾಗಕ್ಕಿಂತ ಒಂದು ಗೇಣು ಮೇಲೆಯೇ ಕಾಲು ನಿಲ್ಲಿಸಿ. ಉಳಿದ 33 ವ್ಯಾಯಾಮಗಳನ್ನೂ ಹೀಗೇ ಕೂತು ಬಿಡಿಸಿ, ನಿಮ್ಮ ಮೈಯಲ್ಲಿ ಮಾಡಿ ನೋಡಿ.

ಮೊದಲ ಕ್ಲಾಸು ಹೀಗಿರಲಿ

ಐವತ್ತು ನಿಮಿಷ. ಎಂಟು ಜನರಿಗಿಂತ ಹೆಚ್ಚು ಬೇಡ, ಶುರುವಿನಲ್ಲಿ ಐದೇ ಸಾಕು. ಹತ್ತು ನಿಮಿಷ ನಿಂತು, ಕುಳಿತು, ಟವೆಲ್ ಕಟ್ಟಿ ಉಸಿರು. ಹತ್ತು ನಿಮಿಷ ಮಲಗಿ ತ್ರಿಕೋನ ಮತ್ತು ನೀರಿನ ಬಟ್ಟಲು. ಆಮೇಲೆ ಇಪ್ಪತ್ತು ನಿಮಿಷದಲ್ಲಿ ನಾಲ್ಕೇ ವ್ಯಾಯಾಮ. ಸೊಂಟ ಎತ್ತಿ ಇಳಿಸುವ ಸೇತುವೆ, ತಲೆ ಇಟ್ಟುಕೊಂಡೇ ಹಂಡ್ರೆಡ್‌ನ ಮೊದಲ ಮೆಟ್ಟಿಲು, ಪಕ್ಕಕ್ಕೆ ಮಲಗಿ ಕಾಲು ಎತ್ತುವುದು, ಕೈಕಾಲೂರಿ ಎದುರುಬದುರು ಕೈ ಕಾಲು ಚಾಚುವುದು. ಉಳಿದ ಹತ್ತು ನಿಮಿಷ ಬೋರಲು ಮಲಗಿ ಎದೆ ಸ್ವಲ್ಪ ಎತ್ತುವುದು, ಕೊನೆಗೆ ಎದ್ದು ನಿಲ್ಲುವುದು. ಶುರುವಿನಲ್ಲಿ ನಿಂತ ಹಾಗೇ ಮತ್ತೆ ನಿಲ್ಲಿಸಿ, ಏನಾದರೂ ಬೇರೆ ಅನ್ನಿಸುತ್ತಿದೆಯಾ ಅಂತ ಕೇಳಿ. "ಒಂಚೂರು ಉದ್ದ ಆಗೀನಿ ಅನ್ನಸ್ತೈತ್ರಿ" ಅಂತ ತುಂಬಾ ಜನ ಹೇಳುತ್ತಾರೆ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆಯ ಬಿಸಿಲು ಗೊತ್ತಲ್ಲ. ಬೆಳಿಗ್ಗೆ ಆರರ ಬ್ಯಾಚ್ ಮಾತ್ರ ಇಡಿ, ನೀರು ಕುಡಿಯಲು ಎರಡು ಸಲ ನಿಲ್ಲಿಸಿ. ಊಟವಾಗಿ ಎರಡು ತಾಸಾದರೂ ಆಗಿರಬೇಕು. ತೆಳ್ಳನೆ ಯೋಗ ಮ್ಯಾಟ್ ಒಂದೇ ಇದ್ದರೆ ಬೆನ್ನಿನ ಮೂಳೆ ಗ್ರಾನೈಟ್ ನೆಲಕ್ಕೆ ಒತ್ತುತ್ತದೆ. ಕೆಳಗೆ ಒಂದು ಜಮಖಾನೆ ಹಾಸಿ. ಸೀರೆಯಲ್ಲಿ ಬರುವವರಿಗೆ ಚೂಡಿದಾರ ಹಾಕಿಕೊಂಡು ಬರಲು ಮೊದಲೇ ಹೇಳಿ. ಅದೂ ಆಗದು ಅನ್ನುವ ಹಿರಿಯರಿದ್ದರೆ ಕುರ್ಚಿಯ ಮೇಲೆ ಕೂರಿಸಿ ಉಸಿರು, ನಡು, ಭುಜ ಮಾಡಿಸಿ. ತತ್ವಗಳು ಕುರ್ಚಿಯ ಮೇಲೂ ಅವೇ.

ನೋವಿನ ಬಗ್ಗೆ ಒಂದು ಗೆರೆ ಹಾಕಿಕೊಳ್ಳಿ. ಸ್ನಾಯು ನಡುಗಿದರೆ, ಉರಿದರೆ ಪರವಾಗಿಲ್ಲ. ಕೀಲಿನಲ್ಲಿ ಚುಚ್ಚಿದರೆ ನಿಲ್ಲಿಸಿ. ಕಾಲಿಗೆ ಜೋಮು ಇಳಿದರೆ, ತಲೆ ಸುತ್ತಿದರೆ, ಎದೆ ಹಿಡಿದಂತೆ ಆದರೆ ಅವತ್ತಿನ ಕ್ಲಾಸು ಅವರಿಗೆ ಅಲ್ಲಿಗೇ ಮುಗಿಯಿತು. ಮನೆಯವರಿಗೆ ಫೋನ್ ಮಾಡಿ, ಡಾಕ್ಟರ ಹತ್ತಿರ ಕಳಿಸಿ. ಎದೆಯ ಮಾತಾದರೆ ಮನೆಯವರನ್ನು ಕಾಯಬೇಡಿ, 108ಕ್ಕೆ ಕರೆ ಮಾಡಿ.

ಎಲ್ಲರೂ ಹೋದ ಮೇಲೆ ಐದು ನಿಮಿಷ ಕುಳಿತು ನೋಟ್‌ಬುಕ್ ತೆಗೆಯಿರಿ. ಒಬ್ಬೊಬ್ಬರ ಹೆಸರಿನ ಮುಂದೆ ಇವತ್ತು ಏನು ಕಂಡಿರಿ, ಯಾವ ಮಾತಿಗೆ ಅವರ ದೇಹ ಕೇಳಿತು, ಮುಂದಿನ ಸಲ ಯಾವ ಒಂದು ಮಾತು ಹೇಳಬೇಕು ಅಂತ ಬರೆಯಿರಿ. ಯಾರ ಹೆಸರಿನ ಮುಂದೆ ಬರೆಯಲು ಏನೂ ನೆನಪಾಗುವುದಿಲ್ಲವೋ ಅವರನ್ನು ನೀವು ಇವತ್ತು ನೋಡಿಲ್ಲ. ನಾಳೆ ಅವರ ಮ್ಯಾಟನ್ನು ನಿಮ್ಮ ಹತ್ತಿರದಲ್ಲೇ ಹಾಸಿ.